ಜೆ. ಸಿ. ನಿಕೋಲ್ಸ್

ಜೆಸ್ಸಿ ಕ್ಲೈಡ್ ನಿಕೋಲ್ಸ್ (ಆಗಸ್ಟ್ ೨೩, ೧೮೮೦ – ಫೆಬ್ರವರಿ ೧೬, ೧೯೫೦) ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಬಡಾವಣೆಗಳನ್ನು ನಿರ್ಮಿಸಿದ ಹೆಸರಾಂತ ಉದ್ಯಮಿ. ಕಾನ್ಸಾಸ್ ವಿಶ್ವವಿದ್ಯಾಲಯ ಹಾಗೂ ಹಾರ್ವರ್ಡ್‌ನಲ್ಲಿ ವ್ಯಾಸಂಗ ಮಾಡಿದರು.

೧೯೦೫ರಲ್ಲಿ ನಗರದ ದಕ್ಷಿಣಕ್ಕಿದ್ದ ೧೦ ಎಕರೆ ಜಮೀನಿನಿಂದ ಆರಂಭವಾದ ಅವರ 'ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್' ಬಡಾವಣೆಯು ಕ್ರಮೇಣ ಸಾವಿರಾರು ಎಕರೆಗಳಿಗೆ ವಿಸ್ತರಿಸಿತು. ನಿವೇಶನದ ಕ್ರಯಪತ್ರವಾದೊಡನೆ ಗ್ರಾಹಕನೊಂದಿಗಿನ ಸಂಬಂಧ ಮುಗಿಯಿತೆಂದು ಅವರು ಭಾವಿಸಲಿಲ್ಲ. ಮನೆಮಾಲೀಕರ ಸಂಘಗಳನ್ನು ಕಟ್ಟಿಸಿ, ಸದಸ್ಯರ ವಂತಿಗೆಯಿಂದಲೇ ಬಡಾವಣೆಯ ನಿರ್ವಹಣೆ ನಡೆಯುವಂತೆ ಮಾಡಿದರು; ಹೂದೋಟದ ಸ್ಪರ್ಧೆಗಳನ್ನೂ ಏರ್ಪಡಿಸಿದರು. ಕೊಂಡವರ ಈ ನೆಚ್ಚಿಕೆಯೇ ನಾಲ್ಕು ದಶಕಗಳಿಗೂ ಮೀರಿದ ಅವರ ವ್ಯವಹಾರದ ನಿಜವಾದ ಬಂಡವಾಳವಾಗಿತ್ತೆನ್ನಬಹುದು. ೧೯೨೩ರಲ್ಲಿ ತೆರೆದ, ಸ್ಪೇನಿನ ವಾಸ್ತುಶೈಲಿಯ 'ಕಂಟ್ರಿ ಕ್ಲಬ್ ಪ್ಲಾಜಾ' ಕಾರಿನಲ್ಲಿ ಬರುವ ಗ್ರಾಹಕರಿಗಾಗಿಯೇ ಯೋಜಿಸಿದ ಆರಂಭಿಕ ವ್ಯಾಪಾರ ಕೇಂದ್ರಗಳಲ್ಲೊಂದು.

ಆದರೆ ಈ ವಿಶ್ವಾಸದ ವಲಯಕ್ಕೆ ಕಪ್ಪುವರ್ಣೀಯರಿಗೆ ಪ್ರವೇಶವಿರಲಿಲ್ಲ. ಅವರು ಮನೆ ಕೊಳ್ಳಬಾರದು, ವಾಸಿಸಬಾರದು ಎಂಬ ಕರಾರನ್ನು ನಿಕೋಲ್ಸ್ ತಮ್ಮ ಬಡಾವಣೆಗಳಿಗೆ ವಿಧಿಸಿದ್ದರು. ಅವಧಿ ಮುಗಿದಾಗ ಅದು ತಾನಾಗಿಯೇ ನವೀಕರಣಗೊಳ್ಳುವ ವ್ಯವಸ್ಥೆಯೂ ಇತ್ತು. ಕೊಂಡವರಿಗೆ ನೀಡಿದ ಭದ್ರತೆಯ ಭರವಸೆಯಲ್ಲಿ ಈ ಬಹಿಷ್ಕಾರವೂ ಸೇರಿತ್ತೆಂಬುದನ್ನು ಮರೆಮಾಚಲಾಗದು. ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ೧೯೪೮ರಲ್ಲಿ ತೀರ್ಪಿತ್ತಿತು. ಪ್ಲಾಜಾದ ಬಳಿಯ ಕಾರಂಜಿಗಿದ್ದ ನಿಕೋಲ್ಸ್ ಹೆಸರನ್ನು ನಗರದ ಉದ್ಯಾನ ಮಂಡಳಿಯು ೨೦೨೦ರಲ್ಲಿ ತೆಗೆದುಹಾಕಿತು.