ಮೀಸೆಯ ತಾಯಿ ಗಿಜುಭಾಯಿ

ಗಂಡಸನ್ನು ತಾಯಿ ಎಂದು ಕರೆಯುವುದುಂಟೇ? ಗುಜರಾತಿನ ಜನರು ಒಬ್ಬ ಶಿಕ್ಷಕರನ್ನು ಪ್ರೀತಿಯಿಂದ ಮೀಸೆಯ ತಾಯಿ ಎಂದು ಕರೆದರು. ಅವರೇ ಗಿಜುಭಾಯಿ ಬಧೇಕಾ.

ಅವರು ಜನಿಸಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತಲ್ ಗ್ರಾಮದಲ್ಲಿ. ಮೊದಲು ವಕೀಲರಾಗಿದ್ದರು. 1913ರಲ್ಲಿ ಮಗ ಹುಟ್ಟಿದನು. ಅವನನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಅವರನ್ನು ಇಟಲಿಯ ಮಾಂಟೆಸರಿಯವರ ಗ್ರಂಥಗಳತ್ತ ಒಯ್ದಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ತೆರೆದರು.

ಅಂದಿನ ಶಾಲೆಗಳಲ್ಲಿ ಬೆತ್ತಕ್ಕೇ ಮೊದಲ ಮಾತು. ಬಾಲಮಂದಿರದಲ್ಲಿ ದಂಡನೆಯ ಭಯವಿರಲಿಲ್ಲ. ಬಹುಮಾನದ ಆಮಿಷವೂ ಇರಲಿಲ್ಲ. ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳಬೇಕು, ಶಿಕ್ಷಕರು ಅಡ್ಡಬಾರದೆ ಗಮನಿಸಬೇಕು. ಇದೇ ಅಲ್ಲಿನ ತತ್ತ್ವ. ಕಥೆ, ಹಾಡು, ಆಟ, ನಾಟಕಗಳೆಲ್ಲ ಪಾಠವೇ. ಗಿಜುಭಾಯಿಯವರು ತಾಯ್ನುಡಿಯಾದ ಗುಜರಾತಿಯಲ್ಲಿ ಮಕ್ಕಳಿಗಾಗಿ ಹೇರಳವಾಗಿ ಬರೆದರು. ಅವರ ‘ದಿವಾಸ್ವಪ್ನ’ದಲ್ಲಿ ಬರುವ ಶಿಕ್ಷಕನು ನಾಲ್ಕನೆಯ ತರಗತಿಯ ಗದ್ದಲವನ್ನು ಗೆಲ್ಲುವುದು ಕಥೆಯಿಂದಲೇ. 1939ರ ಜೂನ್ 23ರಂದು ಅವರು ತೀರಿಕೊಂಡರು.

ತರಗತಿಯ ಮೌನವನ್ನೇ ಶಿಸ್ತೆಂದು ಬಗೆದು ನಾವೂ ಬೆತ್ತ ಹಿಡಿದದ್ದುಂಟು. ಈ ಬಾಳನ್ನು ಓದಿದಾಗ ನಮ್ಮ ತಲೆ ತಗ್ಗುತ್ತದೆ. ಬಾಯಿ ಮುಚ್ಚಿದ ಮಗು ಕಲಿಯುತ್ತಿದೆಯೋ ಹೆದರುತ್ತಿದೆಯೋ ಎಂದು ನಾವು ಕೇಳಿಕೊಳ್ಳಲಿಲ್ಲ.

ಪಾಲಕರೇ, ಮನೆಯ ಕೂಸು ಅಂಗಿಯ ಗುಂಡಿಯೊಡನೆ ಹೆಣಗುವಾಗ ಕೈಹಾಕದೆ ಒಂದು ಗಳಿಗೆ ತಾಳಿರಿ. ವಿದ್ಯಾರ್ಥಿಗಳೇ, ಈ ಸಂಜೆ ನಿಮ್ಮ ತಮ್ಮ ತಂಗಿಯರಿಗೆ ನಮ್ಮ ಕನ್ನಡದಲ್ಲಿ ಒಂದು ಕಥೆ ಹೇಳಿರಿ. ಗಿಜುಭಾಯಿಯವರಿಗೆ ಅದಕ್ಕಿಂತ ಮಿಗಿಲಾದ ನಮನವಿಲ್ಲ.