ಸರ್ ಎಂ. ವಿಶ್ವೇಶ್ವರಯ್ಯ: ನೀರಿನ ಲೆಕ್ಕ, ಶಾಲೆಯ ಲೆಕ್ಕ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬೇಕೆಂದು ತೀರ್ಮಾನವಾದಾಗ ನಾವು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಆರಿಸಿಕೊಂಡೆವು. ಅವರ ವಿಷಯ ಗೊತ್ತಿಲ್ಲದವರು ಯಾರಿದ್ದಾರೆ ಅಂತ ಸದಸ್ಯ ಬಾಂಧವರು ಕೇಳಬಹುದು. ಮೈಸೂರು ಪೇಟ, ಮಾಸದ ಕೋಟು, ಕನ್ನಂಬಾಡಿ ಕಟ್ಟೆ, ಮೇಣದ ಬತ್ತಿಯ ಕಥೆ ಎಲ್ಲವೂ ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ. ಅವನ್ನೇ ಮತ್ತೆ ಬರೆದು ಪುಟ ತುಂಬಿಸುವುದು ನಮ್ಮ ಉದ್ದೇಶವಲ್ಲ. ಬಡ ನಾಡು ಮೇಲಕ್ಕೆ ಏಳಬೇಕಾದರೆ ಬರೀ ದುಡ್ಡು ಬಂದರೆ ಸಾಕೋ, ಅಥವಾ ಅಲ್ಲಿನ ಜನವೇ ಬದಲಾಗಬೇಕೋ ಅನ್ನುವ ಪ್ರಶ್ನೆ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲ. ಆ ದಾರಿಯಲ್ಲಿ ಅವರ ಬಾಳನ್ನು ನೋಡುವ ಪ್ರಯತ್ನ ಇದು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ವರ್ಷ 1860 ಎನ್ನುವವರೂ ಇದ್ದಾರೆ, 1861 ಎನ್ನುವವರೂ ಇದ್ದಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಊಟ ವಸತಿ ಸಂಪಾದಿಸಿಕೊಂಡರು. 1881ರಲ್ಲಿ ಬಿ.ಎ. ಆಯಿತು. ಅಲ್ಲಿಗೇ ನಿಂತಿದ್ದರೆ ಎಲ್ಲಾದರೂ ಒಂದು ಗುಮಾಸ್ತಿಕೆ ಹಿಡಿದು ಕಾಲ ಹಾಕುತ್ತಿದ್ದರೋ ಏನೋ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಬೊಂಬಾಯಿ ಪ್ರಾಂತ್ಯಕ್ಕೇ ಮೊದಲಿಗರಾಗಿ ಪಾಸಾದರು. ತಂದೆಯಿಲ್ಲದ ಹಳ್ಳಿ ಹುಡುಗನ ಮೇಲೆ ಸರ್ಕಾರ ಖರ್ಚು ಮಾಡಿದ ಆ ಸ್ವಲ್ಪ ಹಣ ನಾಡಿಗೆ ಎಷ್ಟು ಬಡ್ಡಿ ತಂದಿತೆಂದು ನಮ್ಮ ಸಂಘದ ಲೆಕ್ಕದ ಪುಸ್ತಕದಲ್ಲಿ ಬರೆಯಲು ಹೊರಟರೆ ಪುಟ ಸಾಲದು.

1884ರಿಂದ 1908ರವರೆಗೆ ಬೊಂಬಾಯಿ ಸರ್ಕಾರದ ಕೆಲಸ. ನಾಸಿಕ್, ಖಾನ್‌ದೇಶ್, ಸಿಂಧ್ ಪ್ರಾಂತ್ಯದ ಸಕ್ಕರ್, ಪುಣೆ ಎಂದು ಊರೂರು ತಿರುಗಿದರು. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ನೀರು ಏರಿದಾಗ ತಾನೇ ತೆರೆದುಕೊಂಡು, ಇಳಿದಾಗ ತಾನೇ ಮುಚ್ಚಿಕೊಳ್ಳುವ ತೂಬುಗಳನ್ನು ಕೂರಿಸಿದರು. ನಾಲೆಯ ನೀರು ಮೇಲಿನ ಕೆಲವರ ಗದ್ದೆಗೇ ಹರಿದು ಹೋಗದೆ ಹೆಚ್ಚು ಹಳ್ಳಿಗಳಿಗೆ ಸರದಿಯಲ್ಲಿ ಹಂಚಿಕೆಯಾಗುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನಾಲೆಯ ತುದಿಯಲ್ಲಿ ಜಮೀನಿರುವವರಿಗೆ ಇದರ ಬೆಲೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1908ರ ಮೂಸಿ ನದಿಯ ಪ್ರವಾಹದಲ್ಲಿ ಹಾಳಾದ ಹೈದರಾಬಾದಿಗೂ ಇವರೇ ಯೋಜನೆ ಹಾಕಿಕೊಟ್ಟರು.

ಈ ನಡುವೆ 1898ರಲ್ಲಿ ಅವರು ಜಪಾನಿಗೆ ಹೋಗಿ ಬಂದದ್ದನ್ನು ನಾವು ವಿಶೇಷವಾಗಿ ಹೇಳಬೇಕು. ಮೂವತ್ತು ವರ್ಷದ ಹಿಂದೆ ಪಾಳೆಯಗಾರಿಕೆಯಲ್ಲಿದ್ದ ದೇಶ, ನಮ್ಮಂತೆಯೇ ಅಕ್ಕಿ ಉಣ್ಣುವ, ಸಣ್ಣ ಹಿಡುವಳಿಯ ರೈತರ ದೇಶ, ಅಷ್ಟರಲ್ಲೇ ಗಿರಣಿ, ಹಡಗು, ರೈಲು ಎಲ್ಲಾ ಮಾಡಿಕೊಂಡಿತ್ತು. ಅಲ್ಲಿ ಊರೂರಿಗೂ ಶಾಲೆ ಇತ್ತು, ರೈತರ ಮಕ್ಕಳೂ ಓದುತ್ತಿದ್ದರು. ಕಾರ್ಖಾನೆ ಬಂದ ಮೇಲೆ ಶಾಲೆ ಕಟ್ಟೋಣ ಎಂದು ಅವರು ಕಾದು ಕೂತಿರಲಿಲ್ಲ. ಈ ವಿಷಯ ವಿಶ್ವೇಶ್ವರಯ್ಯನವರ ತಲೆಯಲ್ಲಿ ಭದ್ರವಾಗಿ ಕೂತಿತು.

1909ರಲ್ಲಿ ಅವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಕೆಲಸ ಶುರುವಾಯಿತು. ಎಲ್ಲರ ಕಣ್ಣೂ ಕಟ್ಟೆಯ ಮೇಲೆಯೇ. ಅದೇ ವರ್ಷ ಅವರ ಸಲಹೆಯಂತೆ ಮೈಸೂರು ಎಕನಾಮಿಕ್ ಕಾನ್ಫರೆನ್ಸ್, ಅಂದರೆ ಸಂಪದಭ್ಯುದಯ ಸಮಾಜ, ಆರಂಭವಾದದ್ದನ್ನು ಮಾತ್ರ ಇವತ್ತು ನೆನೆಸುವವರು ಕಡಿಮೆ. ಅಧಿಕಾರಿಗಳು, ವರ್ತಕರು, ಜಮೀನುದಾರರು ಒಂದೇ ಕಡೆ ಕೂತು ನಾಡಿನ ಸಂಪತ್ತು ಹೆಚ್ಚಿಸುವ ದಾರಿ ಮಾತಾಡುವ ಸಭೆ ಅದು. ಅದಕ್ಕೆ ಮೂರು ಸಮಿತಿಗಳು. ಒಂದು ವ್ಯವಸಾಯಕ್ಕೆ, ಒಂದು ಕೈಗಾರಿಕೆ ವ್ಯಾಪಾರಕ್ಕೆ, ಇನ್ನೊಂದು ವಿದ್ಯಾಭ್ಯಾಸಕ್ಕೆ. ಸಂಪತ್ತಿನ ಸಭೆಯಲ್ಲಿ ಮೇಷ್ಟರ ಕೆಲಸವೇನು ಅಂತ ಆ ಕಾಲದಲ್ಲಿ ಕೇಳಿದವರು ಇದ್ದಿರಬೇಕು. ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಅಕ್ಷರ ಬಾರದ ಜನ ನಾಡಿನ ದೊಡ್ಡ ನಷ್ಟದ ಬಾಬು.

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿಕೊಂಡರು. ಮುಂದಿನ ಆರು ವರ್ಷದಲ್ಲಿ ನಡೆದದ್ದು ಇಂದಿಗೂ ಆಶ್ಚರ್ಯವೇ. 1913ರಲ್ಲಿ ಆಯ್ದ ಕೇಂದ್ರಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾಯಿದೆ ಬಂತು. ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದಲ್ಲಿದ್ದ ಶಾಲೆಗಳು ಸುಮಾರು 4,500. ಆರು ವರ್ಷದಲ್ಲಿ ಹೊಸದಾಗಿ ಸೇರಿದ್ದು ಸುಮಾರು 6,500. ಓದುವ ಮಕ್ಕಳ ಸಂಖ್ಯೆ ಸುಮಾರು 1,40,000ದಿಂದ 3,66,000ಕ್ಕೆ ಏರಿತು. ಈ ಅಂಕಿಗಳನ್ನು ನಾವು ದಪ್ಪ ಅಕ್ಷರದಲ್ಲಿ ಹಾಕಬೇಕೆಂದಿದ್ದೆವು. ಕನ್ನಂಬಾಡಿಯ ಕಲ್ಲಿಗಿಂತ ಇವು ಕಡಿಮೆಯವಲ್ಲ.

ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ, ಬೆಂಗಳೂರಿನಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆದವು. ಒಂದು ದೇಶೀಯ ಸಂಸ್ಥಾನ ಸ್ವಂತ ವಿಶ್ವವಿದ್ಯಾನಿಲಯ ಮಾಡಿಕೊಂಡದ್ದು ಅದೇ ಮೊದಲು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾಗಲು ದಾರಿಯಾದದ್ದೂ ಅದೇ ಸಂಪದಭ್ಯುದಯ ಸಮಾಜ. ಹಣದ ಕಡೆಯಿಂದ 1913ರಲ್ಲಿ ಮೈಸೂರು ಬ್ಯಾಂಕ್ ಬಂತು. ನಮ್ಮ ಹಿರಿಯ ಸದಸ್ಯರು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅಂತ ಕಂಡದ್ದು ಅದನ್ನೇ. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಗಂಧದೆಣ್ಣೆ ಕಾರ್ಖಾನೆ, ಸೋಪಿನ ಕಾರ್ಖಾನೆ ಈ ಕಾಲದವೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಾಂದಿಯಾದದ್ದೂ ಆಗಲೇ, ಉತ್ಪಾದನೆ ಶುರುವಾದದ್ದು 1923ರಲ್ಲಿ.

ಸಹಕಾರಿಗಳಾದ ನಾವು ಇನ್ನೊಂದು ಮಾತು ಸೇರಿಸಬೇಕು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಮೈಸೂರು ಸಂಸ್ಥಾನದ ಸಹಕಾರ ಕಾಯಿದೆಯೂ ಅದೇ ವರ್ಷದ್ದು. ಆದರೆ ಹಳ್ಳಿಯ ಚಿಕ್ಕ ಸಂಘಕ್ಕೆ ಬೆನ್ನಿಗೊಂದು ದೊಡ್ಡ ಬ್ಯಾಂಕು ಇಲ್ಲದಿದ್ದರೆ ರೈತನಿಗೆ ಸಾಲ ಎಲ್ಲಿಂದ ಬರಬೇಕು? ಆ ಬ್ಯಾಂಕು ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1915ರಲ್ಲಿ, ಇವರು ದಿವಾನರಾಗಿದ್ದಾಗ. ಅದೇ ಇಂದಿನ ಅಪೆಕ್ಸ್ ಬ್ಯಾಂಕ್. ಅಲ್ಲಿಂದ ಜಿಲ್ಲಾ ಬ್ಯಾಂಕಿಗೆ, ಜಿಲ್ಲಾ ಬ್ಯಾಂಕಿನಿಂದ ಹಳ್ಳಿಯ ಸಂಘಕ್ಕೆ ಬೆಳೆ ಸಾಲ ಇಳಿದು ಬರುತ್ತದೆ.

ಇನ್ನು ಅವರು ದಿವಾನಗಿರಿ ಬಿಟ್ಟ ವಿಷಯ. ಇದನ್ನು ಅನೇಕರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನಮಗೆ ಹಾಗೆ ಮಾಡಲು ಮನಸ್ಸಿಲ್ಲ. ಶಾಲೆಗಳೇನೋ ಹೆಚ್ಚಿದವು, ಆದರೆ ಸರ್ಕಾರದ ದೊಡ್ಡ ಹುದ್ದೆಗಳೆಲ್ಲಾ ಬಹುಮಟ್ಟಿಗೆ ಬ್ರಾಹ್ಮಣರ ಕೈಯಲ್ಲಿದ್ದವು. ಉಳಿದ ಜಾತಿಯವರು ನಾಲ್ವಡಿಯವರಲ್ಲಿ ಅಹವಾಲು ಮಾಡಿಕೊಂಡರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹುದ್ದೆಗೆ ಯೋಗ್ಯತೆ ಒಂದೇ ಅಳತೆಯಾಗಬೇಕು, ಹಿಂದುಳಿದವರನ್ನು ವಿದ್ಯೆ ಕೊಟ್ಟು ಮೇಲೆತ್ತಬೇಕೇ ಹೊರತು ಹುದ್ದೆಯನ್ನು ಜಾತಿಯ ಮೇಲೆ ಹಂಚಬಾರದು ಎನ್ನುವುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರಿಗೂ ದಿವಾನರಿಗೂ ಇಲ್ಲಿ ಹೊಂದಲಿಲ್ಲ. 1918ರ ಕೊನೆಗೆ ಅವರು ಅಧಿಕಾರ ಬಿಟ್ಟರು. ಬ್ರಾಹ್ಮಣೇತರರ ಪಾಲು ಏಳು ವರ್ಷದೊಳಗೆ ಅರ್ಧಕ್ಕಾದರೂ ಬರಬೇಕೆಂದು 1921ರಲ್ಲಿ ಸರ್ಕಾರದ ಆಜ್ಞೆಯಾಯಿತು.

ಇಬ್ಬರೂ ದೊಡ್ಡವರು, ಇಬ್ಬರೂ ನಾಡಿನ ಹಿತ ಬಯಸಿದವರು. ಆದರೂ ಈ ವಿಷಯದಲ್ಲಿ ನಾವು ಮಹಾರಾಜರ ಪಕ್ಷ. ಮುದ್ದೇನಹಳ್ಳಿಯ ಹುಡುಗನ ಮನೆಯಲ್ಲಿ ದುಡ್ಡಿಲ್ಲದಿದ್ದರೂ ಓದು ತಲೆಮಾರಿನಿಂದ ಇತ್ತು. ದನ ಕಾಯುವ ಹುಡುಗನಿಗೆ ಅದೂ ಇರಲಿಲ್ಲ. ಓಟದಲ್ಲಿ ಒಬ್ಬ ಅರ್ಧ ದಾರಿಯಿಂದ ಹೊರಟು ಇನ್ನೊಬ್ಬ ಊರ ಹಿಂದಿನಿಂದ ಹೊರಟರೆ ಯೋಗ್ಯತೆ ಅಳೆಯುವುದು ಹೇಗೆ? ಆದರೆ ಇದೂ ನಿಜ: 1921ರ ಆಜ್ಞೆಯ ನಂತರ ಹುದ್ದೆಗೆ ಅರ್ಜಿ ಹಾಕಿದ ಬೇರೆ ಬೇರೆ ಜಾತಿಯ ಹುಡುಗರಲ್ಲಿ ಅನೇಕರಿಗೆ ಅಕ್ಷರ ಕಲಿಸಿದ್ದು ವಿಶ್ವೇಶ್ವರಯ್ಯನವರ ಕಾಲದಲ್ಲಿ ತೆರೆದ ಶಾಲೆಗಳೇ.

ಅಧಿಕಾರ ಬಿಟ್ಟ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. ದೇಶ ವಿದೇಶ ಸುತ್ತಿದರು. ನಷ್ಟದಲ್ಲಿ ಏದುಸಿರು ಬಿಡುತ್ತಿದ್ದ ಭದ್ರಾವತಿ ಕಾರ್ಖಾನೆಯನ್ನು 1923ರಿಂದ 1929ರವರೆಗೆ ಅಧ್ಯಕ್ಷರಾಗಿ ನಿಂತು ಹತೋಟಿಗೆ ತಂದರು. ಆ ಕೆಲಸಕ್ಕೆ ಸಿಕ್ಕ ಸಂಭಾವನೆಯನ್ನು ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು; ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಹತ್ತು ವರ್ಷದಲ್ಲಿ ದೇಶದ ವರಮಾನ ಎರಡರಷ್ಟಾಗಬೇಕು, ಹೊಲವೊಂದನ್ನೇ ನಂಬಿದವರ ಸಂಖ್ಯೆ ತಗ್ಗಿ ಕೈಗಾರಿಕೆ ಬೆಳೆಯಬೇಕು ಎಂಬ ಲೆಕ್ಕ ಅದರಲ್ಲಿದೆ. ಪಂಚವಾರ್ಷಿಕ ಯೋಜನೆ ಎಂಬ ಮಾತು ನಮ್ಮ ಹಳ್ಳಿಗಳಿಗೆ ಬರುವುದಕ್ಕೆ ಹದಿನೇಳು ವರ್ಷ ಮೊದಲು.

ಅವರು ಕಟ್ಟಿದ ಕಟ್ಟೆಯ ನೀರು ಮಂಡ್ಯದ ಕಡೆ ಹರಿದದ್ದು 1930ರ ದಶಕದಲ್ಲಿ. ಇರ್ವಿನ್ ನಾಲೆ ಎಂದಿದ್ದ ಹೆಸರು ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಒಣ ಬಯಲು ಭತ್ತ, ಕಬ್ಬಿನಿಂದ ಹಸಿರಾಯಿತು, ಸಕ್ಕರೆ ಕಾರ್ಖಾನೆ ಬಂತು. ಅದರ ಬೆನ್ನಿಗೇ ನಾಲಾ ಬಯಲಿನಲ್ಲಿ ಮಲೇರಿಯಾವೂ ಕಾಡಿತು. ಇತ್ತ ಹಳೆಯ ಕನ್ನಂಬಾಡಿ ಮತ್ತು ಸುತ್ತಲ ಹಳ್ಳಿಗಳು ನೀರಿನಲ್ಲಿ ಮುಳುಗಿ, ಆ ಜನ ಬೇರೆ ಕಡೆ ಒಲೆ ಹೂಡಬೇಕಾಯಿತು. ಮಂಡ್ಯದ ಹಸಿರನ್ನು ಹೊಗಳುವಾಗ ಅವರನ್ನು ಮರೆಯಬಾರದು.

1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ ವಿದೇಶದಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ನೋಡಿದರು. ಊರಿನ ಹೆಸರು ಮರೆಸಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿದ್ದದ್ದರಿಂದ ಒಣಗಿಯೇ ಉಳಿಯಿತು. ಯಾವ ಊರು ಹೆಚ್ಚು ಬದಲಾಗಿರಬೇಕು? ನೀರು ಬಂದದ್ದೇ ಅಂತ ಯಾರಾದರೂ ಹೇಳುತ್ತಾರೆ. ಕಂಡದ್ದು ಬೇರೆ. ವಂಗಲದವರು ಕಬ್ಬು ಬೆಳೆದು ಕೈಯಲ್ಲಿ ದುಡ್ಡು ಕಂಡರು, ಆದರೆ ಊರಿನ ಹಳೆಯ ನಡಾವಳಿ, ಒಡೆಯ ಆಳಿನ ವಂಶಪಾರಂಪರ್ಯದ ಸಂಬಂಧ ಬಹುಮಟ್ಟಿಗೆ ಇದ್ದಂತೆಯೇ ಉಳಿದವು. ದಲೇನದವರು ಬೇರೆ ದಾರಿಯಿಲ್ಲದೆ ಊರ ಹೊರಗೆ ನೋಡಿದರು. ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕೆ ಇಳಿದರು. ಹಳೆಯ ಕಟ್ಟುಗಳು ಅಲ್ಲಿ ಸಡಿಲವಾದವು. ನಾಲೆಯ ಎಂಜಿನಿಯರಿಗೆ ಇದರಿಂದ ಬೇಸರವಾಗುತ್ತಿತ್ತೋ ಏನೋ. ಕೈಗಾರಿಕೆಯನ್ನೂ ಶಾಲೆಯನ್ನೂ ಹಚ್ಚಿಕೊಂಡಿದ್ದ ದಿವಾನರಿಗೆ ಮಾತ್ರ ಇದು ಹೊಸದೆನಿಸುತ್ತಿರಲಿಲ್ಲ ಎಂದು ನಮ್ಮ ಭಾವನೆ.

ಇನ್ನೊಂದು ಅಂಕಿ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ನೀರು, ಕಬ್ಬು, ಕಾರ್ಖಾನೆ ಎಲ್ಲಾ ಇದ್ದ ಮಂಡ್ಯ ಜಿಲ್ಲೆಯದು 70.40. ಅಂತಹ ದೊಡ್ಡ ನಾಲೆಯಿಲ್ಲದ ದಕ್ಷಿಣ ಕನ್ನಡದ್ದು 88.57. ವರಮಾನ, ವಿದ್ಯೆ, ಆಯುಷ್ಯ ಮೂರನ್ನೂ ಸೇರಿಸಿ ದೇಶದ ಏಳಿಗೆ ಅಳೆಯುವ ಪದ್ಧತಿಯನ್ನು ವಿಶ್ವಸಂಸ್ಥೆಯವರು 1990ರಲ್ಲಿ ತಂದರು, ಕರ್ನಾಟಕವೂ 1999ರಲ್ಲಿ ತನ್ನದೇ ಮಾನವ ಅಭಿವೃದ್ಧಿ ವರದಿ ಹೊರಡಿಸಿತು. 1911ರ ಸಭೆಯ ಮೂರು ಸಮಿತಿಗಳಲ್ಲಿ ಈ ಅಳತೆಯ ಎರಡು ಪಾಲು ಆಗಲೇ ಇದ್ದವು.

ತೊಂಬತ್ತರ ಆಸುಪಾಸಿನಲ್ಲೂ ಅವರು ಬಿಡಲಿಲ್ಲ. ನಾಲ್ಕಾರು ಹಳ್ಳಿಗಳನ್ನು ಒಂದು ಗುಂಪು ಮಾಡಿ, ಗುಂಪಿಗೊಂದು ಸಮಿತಿ ಇಟ್ಟು, ಊರಿನಲ್ಲೇ ಸಣ್ಣ ಕೈಗಾರಿಕೆ ಬೆಳೆಸುವ ಗ್ರಾಮ ಕೈಗಾರಿಕೀಕರಣ ಯೋಜನೆಯನ್ನು ಹಾಕಿಕೊಟ್ಟರು. 1950ರ ಸುಮಾರಿಗೆ ಅದನ್ನು ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿ ಮಾಡಿ ನೋಡಲಾಯಿತು. ಹುಟ್ಟಿದ ಊರು ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಮಂಡ್ಯದ ಆ ಎರಡು ಹಳ್ಳಿಗಳ ಪುಸ್ತಕ ಅಚ್ಚಾದದ್ದೂ ಅದೇ ವರ್ಷ. ಅಂತ್ಯಸಂಸ್ಕಾರ ಮುದ್ದೇನಹಳ್ಳಿಯಲ್ಲಿ ನಡೆಯಿತು. ನಂದಿ ಬೆಟ್ಟಕ್ಕೆ ಹೋಗುವವರು ಸ್ವಲ್ಪ ದಾರಿ ತಿರುಗಿದರೆ ಆ ಮನೆಯನ್ನೂ ಸಮಾಧಿಯನ್ನೂ ನೋಡಿಕೊಂಡು ಬರಬಹುದು.