ಆ ಗಳಿಗೆ ತಿರುಗಿ ಬರಲಿಲ್ಲ

ಸತ್ತವನು ಹಳೇ ದಿನಕ್ಕೆ ವಾಪಸ್ ಹೋಗಿ ಬದುಕನ್ನ ಮತ್ತೆ ಬದುಕೋ ಕಥೆಗಳನ್ನ ಮೊಬೈಲ್‌ನಲ್ಲಿ ನೋಡ್ತೀರಿ. ಇವತ್ತು ನಾನು ನಮ್ಮ ಬೀದರಿನ ಒಂದು ನಿಜವಾದ ಬದುಕನ್ನ ಹೇಳ್ತೀನಿ.

ಮಹಮೂದ್ ಗವಾನರು ಇರಾನಿನ ಗೀಲಾನದವರು. ಅಲ್ಲಿ ವಿರೋಧಿಗಳು ಹೆಚ್ಚಿದಾಗ ಊರು ಬಿಟ್ಟರು. ನಲವತ್ತು ದಾಟಿದ ಮೇಲೆ ವ್ಯಾಪಾರಿಯಾಗಿ ಬೀದರಿಗೆ ಬಂದರು. ಇಲ್ಲಿ ಎರಡನೇ ಬದುಕು ಸಿಕ್ಕಿತು. ಬಹಮನಿ ರಾಜ್ಯದ ಪ್ರಧಾನಿಯಾದರು, 1472ರಲ್ಲಿ ಮದರಸಾ ಕಟ್ಟಿಸಿದರು. ಭಾಲ್ಕಿ, ಔರಾದಿನಿಂದ ಬರೋರೂ ಅದನ್ನ ನೋಡೇ ಇರ್ತೀರಿ.

ಅಮೀರರ ಅಧಿಕಾರ ಕಡಿಮೆ ಮಾಡಿದ್ದಕ್ಕೆ ದ್ವೇಷ ಹುಟ್ಟಿತು. ವೈರಿಗಳು ಅವರ ಮುದ್ರೆಯಿದ್ದ ಖಾಲಿ ಕಾಗದದಲ್ಲಿ, ಒಡಿಶಾದ ರಾಜನಿಗೆ ಅವರೇ ಬರೆದಂತೆ ಸುಳ್ಳು ಪತ್ರ ಹುಟ್ಟಿಸಿದರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಸರಿಯಾಗಿ ವಿಚಾರಿಸದೆ 1481ರಲ್ಲಿ ಅವರನ್ನ ಕೊಲ್ಲಿಸಿದ. ಆಮೇಲೆ ಸತ್ಯ ಗೊತ್ತಾಯ್ತು. ಪಶ್ಚಾತ್ತಾಪಪಟ್ಟ, ಆದರೆ ಆ ಗಳಿಗೆ ತಿರುಗಿ ಬರಲಿಲ್ಲ. ವರ್ಷದೊಳಗೆ ಅವನೂ ತೀರಿಕೊಂಡ.

ಈಗ ಪೇತ್ರನನ್ನ ನೋಡ್ರಿ. ಬೆಂಕಿ ಕಾಯಿಸಿಕೊಳ್ತಾ ಮೂರು ಸಲ ಯೇಸುವನ್ನ ನಿರಾಕರಿಸಿದ. ಕರ್ತನು ಆ ರಾತ್ರಿಯನ್ನ ಅಳಿಸಲಿಲ್ಲ. ಇನ್ನೊಂದು ಬೆಳಿಗ್ಗೆ, ಇನ್ನೊಂದು ಬೆಂಕಿಯ ಹತ್ತಿರ, ಮೂರು ಸಲ ಪ್ರೀತಿಯನ್ನೇ ಕೇಳಿ, ತನ್ನ ಕುರಿಗಳನ್ನ ಅವನ ಕೈಗೆ ಒಪ್ಪಿಸಿದನು. ಇದೇ ಕೃಪೆ. ಹಿಂದಿನ ದಿನ ಸಿಗಲ್ಲ, ಹೊಸ ದಿನ ಸಿಗ್ತದೆ.

ಕ್ಷಮೆ ಕೇಳೋಕೆ ಸುಲ್ತಾನನಿಗೆ ಆ ಮನುಷ್ಯನೇ ಉಳಿದಿರಲಿಲ್ಲ. ನೀವು ನೋಯಿಸಿದವರು ಇನ್ನೂ ಬದುಕಿದ್ದರೆ, ಇವತ್ತೇ ಹೋಗ್ರಿ. ಫಾರ್ವರ್ಡ್ ಆಗಿ ಬಂದ ಮಾತು ನಂಬಿ ಯಾರಿಗೂ ತೀರ್ಪು ಕೊಡಬೇಡ್ರಿ. ಆಮೆನ್.